ಹಳೆಯ ಫೋನನ್ನು ಇನ್ನೂ ಯಾರಿಗೂ ಕೊಡಬೇಡಿ

ಪ್ರಶ್ನೆ: ನಾಲ್ಕು ವರ್ಷ ಬಳಸಿದ ಆಂಡ್ರಾಯ್ಡ್ ಫೋನ್ ಬದಲಿಸಿದ್ದೇನೆ. ಅದರಲ್ಲಿದ್ದ 64 ಜಿಬಿ ಮೈಕ್ರೊಎಸ್‌ಡಿ ಕಾರ್ಡನ್ನು ಹೊಸ ಫೋನಿಗೆ ಹಾಕಿದರೆ ‘ಈ ಕಾರ್ಡ್‌ಗೆ ಬೆಂಬಲವಿಲ್ಲ, ಫಾರ್ಮ್ಯಾಟ್ ಮಾಡಿ’ ಎಂಬ ಸಂದೇಶ ಬರುತ್ತದೆ. ಅಡಾಪ್ಟರಿಗೆ ಸಿಕ್ಕಿಸಿ ಲ್ಯಾಪ್‌ಟಾಪಿಗೆ ಹಾಕಿದರೆ ಒಮ್ಮೊಮ್ಮೆ ಕಾರ್ಡ್ ಬಂದದ್ದೇ ಅದಕ್ಕೆ ತಿಳಿಯುವುದಿಲ್ಲ. ತಿಳಿದಾಗಲೂ ಒಳಗಿನದೇನೂ ತೆರೆದುಕೊಳ್ಳುವುದಿಲ್ಲ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ 16 ಎಂಬಿಯ ಒಂದು ಪುಟ್ಟ ಭಾಗ, ಉಳಿದದ್ದೆಲ್ಲ ಸೇರಿ ಒಂದು ದೊಡ್ಡ ಭಾಗ ಕಂಡಿತು. ಮಗಳು ಮೊದಲ ಸಲ ಹೆಜ್ಜೆಯಿಟ್ಟ ವಿಡಿಯೊ ಅದರಲ್ಲಿದೆ, ಬೇರೆಲ್ಲೂ ಇಲ್ಲ. ‘ಫಾರ್ಮ್ಯಾಟ್ ಮಾಡಿ, ಆಮೇಲೆ ರಿಕವರಿ ತಂತ್ರಾಂಶದಿಂದ ತೆಗೆಯಬಹುದು’ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಮಾಡಲೇ? ಹಳೆಯ ಫೋನನ್ನು ರಿಸೆಟ್ ಮಾಡಿ ಈ ವಾರ ತಂಗಿಗೆ ಕೊಡಬೇಕೆಂದಿದ್ದೇನೆ. ಜೊತೆಗೆ ಇನ್ನೊಂದು ತೊಂದರೆ: ನನ್ನ ಕ್ಯಾಮೆರಾದ ಕಾರ್ಡಿನಲ್ಲಿ ಫೋಟೊಗಳನ್ನು ಅಳಿಸಿದರೂ, ಫಾರ್ಮ್ಯಾಟ್ ಮಾಡಿದರೂ ಮರುದಿನ ಎಲ್ಲವೂ ಹಾಗೆಯೇ ಇರುತ್ತವೆ. ಅದಕ್ಕೇನಾಗಿದೆ?

ಉತ್ತರ: ಮಾಡಬೇಡಿ. ಹಳೆಯ ಫೋನನ್ನು ರಿಸೆಟ್ ಮಾಡಬೇಡಿ, ತಂಗಿಗೂ ಸದ್ಯ ಕೊಡಬೇಡಿ. ನೀವು ನಡುವೆ ಎಲ್ಲೋ ಹೇಳಿ ಮುಂದೆ ಹೋದ ಆ ‘16 ಎಂಬಿ’ಯೇ ನನ್ನನ್ನು ತಡೆದು ನಿಲ್ಲಿಸಿದ್ದು. ಆ ಒಂದು ಅಂಕಿ ಇಲ್ಲದಿದ್ದರೆ ನಾನೂ ಎಲ್ಲರಂತೆ ಕಾರ್ಡ್ ಕೆಟ್ಟಿರಬೇಕು ಎಂದೇ ಉತ್ತರ ಶುರುಮಾಡುತ್ತಿದ್ದೆ. ನಿಮ್ಮ ಕಾರ್ಡ್ ಬಹುಮಟ್ಟಿಗೆ ಕೆಟ್ಟಿಲ್ಲ. ಅದಕ್ಕೆ ಬೀಗ ಹಾಕಿದೆ, ಕೀಲಿಕೈ ಹಳೆಯ ಫೋನಿನ ಹೊಟ್ಟೆಯಲ್ಲಿದೆ.

2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಮೆಮೊರಿ ಕಾರ್ಡನ್ನು ಎರಡು ರೀತಿಯಲ್ಲಿ ಬಳಸಬಹುದಾಗಿದೆ. ಒಂದು, ಪೋರ್ಟಬಲ್ ಸ್ಟೋರೇಜ್: ಕಾರ್ಡನ್ನು ತೆಗೆದು ಯಾವ ಯಂತ್ರಕ್ಕೆ ಹಾಕಿದರೂ ಓದಿಸಿಕೊಳ್ಳುತ್ತದೆ. ಇನ್ನೊಂದು, ಇಂಟರ್ನಲ್ ಸ್ಟೋರೇಜ್: ಫೋನ್ ಆ ಕಾರ್ಡನ್ನು ತನ್ನದೇ ಅಂಗವೆಂಬಂತೆ ದತ್ತು ತೆಗೆದುಕೊಂಡು, ಅದರ ಮೇಲೆ ಬರೆಯುವುದನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಬರೆಯುತ್ತದೆ. ಹೀಗೆ ದತ್ತು ಹೋದ ಕಾರ್ಡಿನಲ್ಲಿ ಆಂಡ್ರಾಯ್ಡ್ ಮೊದಲು 16 ಎಂಬಿಯ ಪುಟ್ಟ ಭಾಗವೊಂದನ್ನು ಮಾಡಿ, ಉಳಿದ ಜಾಗವನ್ನೆಲ್ಲ ಗೂಢಲಿಪಿಯ ಭಾಗಕ್ಕೆ ಬಿಡುತ್ತದೆ. ನೀವು ಕಂಡದ್ದು ಅದನ್ನೇ. ಎಲ್ಲ ಕಂಪನಿಗಳೂ ಈ ಸೌಲಭ್ಯವನ್ನು ಉಳಿಸಿಕೊಳ್ಳಲಿಲ್ಲ. ಉಳಿಸಿಕೊಂಡ ಫೋನ್‌ಗಳಲ್ಲಿ ಕಾರ್ಡ್ ಹಾಕಿದ ಮೊದಲ ದಿನ ‘ಹೇಗೆ ಬಳಸುತ್ತೀರಿ’ ಎಂಬ ಪ್ರಶ್ನೆ ಬರುತ್ತದೆ, ಫೋನಿನಲ್ಲಿ ಜಾಗ ಸಾಲದವರು ಸಹಜವಾಗಿ ಇಂಟರ್ನಲ್ ಎಂಬುದನ್ನು ಒತ್ತುತ್ತಾರೆ. ನಾಲ್ಕು ವರ್ಷದ ಹಿಂದೆ ಒತ್ತಿದ ಗುಂಡಿ ಯಾರಿಗೆ ನೆನಪಿರುತ್ತದೆ?

ಈ ಗೂಢಲಿಪಿಯ ಕೀಲಿ ಕಾರ್ಡಿನಲ್ಲಿ ಇರುವುದಿಲ್ಲ, ಆ ಫೋನಿನ ಒಳಗಿನ ಮೆಮೊರಿಯಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಹೊಸ ಫೋನಿಗೂ ಲ್ಯಾಪ್‌ಟಾಪಿಗೂ ಅದು ಅರ್ಥವಿಲ್ಲದ ಅಂಕಿಗಳ ರಾಶಿ. ಫೋನ್ ‘ಬೆಂಬಲವಿಲ್ಲ’ ಎಂದದ್ದು ‘ನನಗೆ ಓದಲು ಬಾರದು’ ಎಂಬ ಅರ್ಥದಲ್ಲಿ. ಹಳೆಯ ಫೋನನ್ನು ಫ್ಯಾಕ್ಟರಿ ರಿಸೆಟ್ ಮಾಡಿದ ಕ್ಷಣ ಕೀಲಿ ಅಳಿಯುತ್ತದೆ. ಆಮೇಲೆ ಯಾವ ರಿಕವರಿ ತಂತ್ರಾಂಶವಾಗಲಿ ಪ್ರಯೋಗಾಲಯವಾಗಲಿ ಆ ವಿಡಿಯೊ ತೆಗೆದುಕೊಡಲಾರದು. ನಿಮ್ಮ ಸಹೋದ್ಯೋಗಿಯ ಸಲಹೆ ಮಾಮೂಲಿ ಕಾರ್ಡಿಗೂ ಅಪಾಯದ್ದೇ, ನಿಮ್ಮ ಕಾರ್ಡಿಗಂತೂ ಪೂರ್ತಿ ತಪ್ಪು. ರಿಕವರಿ ತಂತ್ರಾಂಶಗಳು ಹುಡುಕುವುದು ಫೈಲುಗಳ ಪರಿಚಿತ ಮೊಗವನ್ನು. ಗೂಢಲಿಪಿಯಾಗಿರುವ ಕಾರ್ಡಿನಲ್ಲಿ ಅಂಥ ಮೊಗವೇ ಕಾಣುವುದಿಲ್ಲ.

ಈಗ ಮಾಡಬೇಕಾದದ್ದು. ಹಳೆಯ ಫೋನನ್ನು ಪೂರ್ತಿ ಚಾರ್ಜ್ ಮಾಡಿ. ಅದರ ಪರದೆಯ ಮೇಲೆ ‘ಕಾರ್ಡ್ ಕಾಣೆಯಾಗಿದೆ, ಮತ್ತೆ ಹಾಕಿ’ ಎಂಬ ಅರ್ಥದ ಸೂಚನೆ ಇದ್ದರೂ ಇರಬಹುದು. ಇದ್ದರೆ ನನ್ನ ಊಹೆ ಖಚಿತವಾಯಿತು. ಸ್ಟೋರೇಜ್ ಸೆಟ್ಟಿಂಗ್ಸ್‌ನಲ್ಲಿ ಆ ಕಾಣೆಯಾದ ಕಾರ್ಡಿನ ಹೆಸರಿನ ಮೇಲೆ ಒತ್ತಿದರೆ ‘ಫರ್ಗೆಟ್’ ಅಥವಾ ‘ಮರೆತುಬಿಡಿ’ ಎಂಬ ಆಯ್ಕೆ ಬರುತ್ತದೆ. ಅದನ್ನು ಅಪ್ಪಿತಪ್ಪಿಯೂ ಒತ್ತಬೇಡಿ. ಹೆಸರು ಎಷ್ಟು ಸಾಧುವಾಗಿದೆ ನೋಡಿ. ಮಾಡುವ ಕೆಲಸ ಮಾತ್ರ ಕೀಲಿಕೈಯನ್ನು ಬಾವಿಗೆ ಎಸೆಯುವಂಥದ್ದು.

ಫೋನನ್ನು ಆಫ್ ಮಾಡಿ ಕಾರ್ಡ್ ಹಾಕಿ, ಮತ್ತೆ ಆನ್ ಮಾಡಿ, ಪಿನ್ ಕೊಟ್ಟು ತೆರೆದು ಒಂದೆರಡು ನಿಮಿಷ ಸುಮ್ಮನೆ ಬಿಡಿ. ಕಾರ್ಡ್ ಜೋಡಣೆಯಾದರೆ ಗ್ಯಾಲರಿಯಲ್ಲಿ ವಿಡಿಯೊ ಕಾಣುತ್ತದೆ. ಸಂತೋಷದಲ್ಲಿ ಅದನ್ನೇ ನೋಡುತ್ತ ಕೂರಬೇಡಿ, ಮೊದಲು ಯುಎಸ್‌ಬಿ ಕೇಬಲ್ ಸಿಕ್ಕಿಸಿ ಎಲ್ಲವನ್ನೂ ಕಂಪ್ಯೂಟರಿಗೆ ನಕಲು ಮಾಡಿ. ಕೇಬಲ್ ಮೂಲಕ ಕೆಲವು ಫೋಲ್ಡರ್ ಕಾಣದಿದ್ದರೆ ಫೋನಿನ ಸ್ಟೋರೇಜ್ ಸೆಟ್ಟಿಂಗ್ಸ್‌ನಲ್ಲಿ ಕಾರ್ಡಿನ ಹೆಸರನ್ನು ಒತ್ತಿ, ‘ಎಕ್ಸ್‌ಪ್ಲೋರ್’ ಎಂಬಲ್ಲಿ ಒಳಹೊಕ್ಕು ಅಲ್ಲಿಂದ ನಕಲು ಮಾಡಿಕೊಳ್ಳಿ. ನಕಲಾದ ವಿಡಿಯೊವನ್ನು ಕಂಪ್ಯೂಟರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿ. ಫೈಲಿನ ಹೆಸರು ಬಂದಿದೆ ಎಂದರೆ ಫೈಲ್ ಬಂದಿದೆ ಎಂದಲ್ಲ. ಇನ್ನೊಂದು ಕಡೆಯೂ ಒಂದು ಪ್ರತಿ ಇಡಿ.

ಇದಕ್ಕೇ ಸೋದರ ಸಂಬಂಧಿಯಾದ ಇನ್ನೊಂದು ಬಗೆಯಿದೆ. ಕೆಲವು ಫೋನ್‌ಗಳಲ್ಲಿ ಕಾರ್ಡ್ ಪೋರ್ಟಬಲ್ ಆಗಿಯೇ ಇರುತ್ತದೆ, ಆದರೆ ‘ಎಸ್‌ಡಿ ಕಾರ್ಡ್ ಎನ್‌ಕ್ರಿಪ್ಟ್’ ಎಂಬ ಆಯ್ಕೆ ಚಾಲೂ ಆಗಿರುತ್ತದೆ. ಆಗ ಲ್ಯಾಪ್‌ಟಾಪಿನಲ್ಲಿ ಫೈಲುಗಳ ಹೆಸರು, ಗಾತ್ರ, ದಿನಾಂಕ ಎಲ್ಲ ಸರಿಯಾಗಿ ಕಾಣುತ್ತವೆ, ಒಂದೂ ತೆರೆಯುವುದಿಲ್ಲ. ಪರಿಹಾರ ಅದೇ: ಬರೆದ ಫೋನಿಗೇ ಮರಳಿ ಹಾಕಿ ಅಲ್ಲಿಯೇ ಬೀಗ ತೆಗೆಯಬೇಕು. ಹಳೆಯ ಕಾಲದ ಕೆಲವು ಗುಂಡಿ ಫೋನ್‌ಗಳಂತೂ ಕಾರ್ಡಿಗೇ ನೇರವಾಗಿ ಪಾಸ್‌ವರ್ಡ್ ಹಾಕಿಬಿಡುತ್ತಿದ್ದವು. ಪೆಟ್ಟಿಗೆಯಲ್ಲಿ ಬಿದ್ದಿದ್ದ ಅಂಥ ಕಾರ್ಡುಗಳನ್ನು ಕೆಟ್ಟಿವೆಯೆಂದು ಎಸೆದವರನ್ನು ಬಲ್ಲೆ.

ಇನ್ನು ‘ಒಮ್ಮೊಮ್ಮೆ ಕಾರ್ಡ್ ಬಂದದ್ದೇ ತಿಳಿಯುವುದಿಲ್ಲ’ ಎಂದಿರಲ್ಲ, ಅದು ಬೀಗದ ಕತೆಯಲ್ಲ. ಬೀಗ ಹಾಕಿದ ಪೆಟ್ಟಿಗೆಯೂ ಕಣ್ಣಿಗೆ ಕಾಣಲೇಬೇಕು. ಹಾಕಿದಾಗಲೆಲ್ಲ ಒಂದೇ ತರಹ ವರ್ತಿಸದೆ, ಒಮ್ಮೆ ಕಂಡು ಒಮ್ಮೆ ಮಾಯವಾಗುವ ದೋಷ ಹೆಚ್ಚಾಗಿ ಲೋಹಕ್ಕೆ ಲೋಹ ತಾಗುವ ಜಾಗದ್ದು. ಮೈಕ್ರೊಎಸ್‌ಡಿ ಕಾರ್ಡ್ ಎಂದರೆ 15 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪದ ಚೂರು. ಅದರ ಬೆನ್ನಿನ ಮೇಲೆ ಚಿನ್ನದ ಬಣ್ಣದ ಎಂಟು ಪಟ್ಟಿಗಳಿವೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಒಂದೊಂದನ್ನೇ ನೋಡಿ. ಸ್ವಸ್ಥ ಪಟ್ಟಿ ಒಂದೇ ಸಮನೆ ಮಿರುಗುತ್ತದೆ, ನಡುವೆ ಸ್ಲಾಟಿನ ಪಿನ್ ಉಜ್ಜಿದ ತೆಳು ಗೆರೆಯೊಂದಿರುತ್ತದೆ. ಬೆರಳಿನ ಎಣ್ಣೆ, ಬೆವರು ಕೂತ ಪಟ್ಟಿ ಮಂಕಾಗಿರುತ್ತದೆ. ಕಪ್ಪು ಚುಕ್ಕೆಯೋ ಹಸಿರು ಛಾಯೆಯೋ ಕಂಡರೆ ತೇವ ಹೊಕ್ಕಿದೆ ಎಂದರ್ಥ. ಎಂಟರಲ್ಲಿ ಒಂದು ಪಟ್ಟಿ ಸರಿಯಾಗಿ ತಾಗದಿದ್ದರೂ ಕಾರ್ಡ್ ಕಾಣದೇ ಹೋಗಬಹುದು.

ಒರೆಸಲು ನೂಲು ಬಿಡದ ಬಟ್ಟೆ, ಎರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಪಟ್ಟಿಯ ಉದ್ದಕ್ಕೆ ಒರೆಸಿ, ಪೂರ್ತಿ ಆರಲು ಬಿಡಿ. ಪೆನ್ಸಿಲ್ ರಬ್ಬರಿನಿಂದ ತಿಕ್ಕುವ ಉಪಾಯ ಎಲ್ಲರಿಗೂ ಗೊತ್ತು, ಕೆಲಸವೂ ಮಾಡುತ್ತದೆ. ಆದರೆ ಆ ಚಿನ್ನದ ಲೇಪ ಬಹಳ ತೆಳು, ತಿಕ್ಕಿದಷ್ಟೂ ಸವೆಯುತ್ತದೆ; ಜೊತೆಗೆ ರಬ್ಬರಿನ ಪುಡಿ ಸ್ಲಾಟಿಗೆ ಹೋಗುತ್ತದೆ. ನನಗೆ ಆ ಉಪಾಯ ಇಷ್ಟವಿಲ್ಲ. ಸ್ಲಾಟಿನ ಒಳಗಿನ ಪಿನ್‌ಗಳು ಕೂದಲೆಳೆಯಂಥ ಸ್ಪ್ರಿಂಗುಗಳು. ಸೂಜಿ, ಪಿನ್ನು, ಕಡ್ಡಿ ಯಾವುದನ್ನೂ ಅಲ್ಲಿಗೆ ತೂರಿಸಬೇಡಿ. ಒಂದು ಪಿನ್ ಬಾಗಿದರೆ ತೊಂದರೆ ಕಾರ್ಡಿನಿಂದ ಫೋನಿಗೆ ಬಡ್ತಿ ಪಡೆಯುತ್ತದೆ.

ಆದರೂ ನನ್ನ ಮೊದಲ ಅನುಮಾನ ನಿಮ್ಮ ಅಡಾಪ್ಟರಿನ ಮೇಲೆಯೇ. ಕಾರ್ಡಿನ ಜೊತೆ ಪುಕ್ಕಟೆಯಾಗಿ ಬರುವ ಆ ಪ್ಲಾಸ್ಟಿಕ್ ಕವಚದ ಒಳಗೆ ಚಿಪ್ ಗಿಪ್ ಏನೂ ಇಲ್ಲ. ಈ ಕಡೆಯ ಪಟ್ಟಿಯಿಂದ ಆ ಕಡೆಯ ಪಟ್ಟಿಗೆ ಎಳೆದ ತಗಡಿನ ದಾರಿಗಳು ಮಾತ್ರ. ನಾಲ್ಕು ವರ್ಷ ಮೇಜಿನ ಡ್ರಾಯರಿನಲ್ಲಿ ಬಿದ್ದಿದ್ದರೆ ಅದರ ಹಿಡಿತ ಸಡಿಲವಾಗಿರುತ್ತದೆ. ಜನ ಅಡಾಪ್ಟರನ್ನು ಅನುಮಾನಿಸುವುದೇ ಇಲ್ಲ. ಕಾರ್ಡ್ ಹೋಯಿತೆಂದು ಗೋಳಾಡುತ್ತಾರೆ, ಫಾರ್ಮ್ಯಾಟ್ ಮಾಡುತ್ತಾರೆ, ಹೊಸದು ಕೊಳ್ಳುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಬೇರೆ ಅಡಾಪ್ಟರಿನಲ್ಲಿ ಹಾಕಿ ನೋಡಿ; ಅದಕ್ಕಿಂತ ಒಳ್ಳೆಯದು, ಮೈಕ್ರೊಎಸ್‌ಡಿಯನ್ನು ನೇರವಾಗಿ ಸಿಕ್ಕಿಸುವ ಯುಎಸ್‌ಬಿ ಕಾರ್ಡ್ ರೀಡರ್ ಬಳಸಿ. ಬೇರೊಂದು ಒಳ್ಳೆಯ ಕಾರ್ಡನ್ನು ನಿಮ್ಮ ಅಡಾಪ್ಟರಿಗೆ ಹಾಕಿಯೂ ನೋಡಿ. ಈ ಎರಡೂ ಅದಲುಬದಲು ಮಾಡಿದರೆ ಐದು ನಿಮಿಷದಲ್ಲಿ ತಪ್ಪಿತಸ್ಥರು ಯಾರೆಂದು ತಿಳಿಯುತ್ತದೆ. ಬಹಳ ಹಳೆಯ ರೀಡರಾದರೆ ಇನ್ನೊಂದು ಮಾತು: 2 ಜಿಬಿಗಿಂತ ದೊಡ್ಡ ಕಾರ್ಡುಗಳ ಎಸ್‌ಡಿಎಚ್‌ಸಿ ನಿಯಮ ಬಂದದ್ದು 2006ರಲ್ಲಿ. ಅದಕ್ಕಿಂತ ಮೊದಲಿನ ರೀಡರಿಗೆ ದೊಡ್ಡ ಕಾರ್ಡಿನ ಭಾಷೆಯೇ ಬಾರದು.

ಅಡಾಪ್ಟರಿನ ಎಡಬದಿಯಲ್ಲಿ ಮೇಲೆ ಕೆಳಗೆ ಜಾರುವ ಪುಟ್ಟ ಲಾಕ್ ಗುಂಡಿಯಿದೆಯಲ್ಲ, ಅದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಆ ಗುಂಡಿ ಕಾರ್ಡಿಗೆ ಏನನ್ನೂ ಹೇಳುವುದಿಲ್ಲ. ಅದು ಎಲ್ಲಿದೆ ಎಂಬುದನ್ನು ಸ್ಲಾಟಿನೊಳಗಿನ ಒಂದು ಸ್ವಿಚ್ಚು ಮುಟ್ಟಿ ನೋಡುತ್ತದೆ, ಬರೆಯಬೇಕೋ ಬೇಡವೋ ಎಂದು ನಿರ್ಧರಿಸುವುದು ಲ್ಯಾಪ್‌ಟಾಪ್. ಗುಂಡಿ ಸಡಿಲವಾಗಿದ್ದರೆ ಸ್ಲಾಟಿಗೆ ತಳ್ಳುವಾಗ ತಾನೇ ಜಾರಿ ಲಾಕ್ ಆಗುತ್ತದೆ, ‘ಈ ಡಿಸ್ಕಿನ ಮೇಲೆ ಬರೆಯಲಾಗದು’ ಎಂಬ ದೂರು ಬರುತ್ತದೆ. ಗುಂಡಿಯೇ ಬಿದ್ದುಹೋಗಿದ್ದರೆ ಆ ಕಚ್ಚಿನ ಮೇಲೆ ಸಣ್ಣ ಅಂಟುಪಟ್ಟಿ ಹಚ್ಚಿದರೆ ಸಾಕು. ನನಗೆ ಮಾತ್ರ ಈ ಗುಂಡಿ ಪ್ರಿಯ, ಬೇರೆ ಕಾರಣಕ್ಕೆ. ಫೋಟೊ ರಕ್ಷಿಸಬೇಕಾದ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕುವ ಮುನ್ನ ಬೇಕೆಂದೇ ಲಾಕ್ ಮಾಡುತ್ತೇನೆ. ವಿಂಡೋಸ್‌ಗೆ ಕಾರ್ಡ್ ಸಿಕ್ಕ ಕೂಡಲೇ ಅದರ ಮೇಲೆ ತನ್ನದೊಂದು ಅಡಗಿದ ಫೋಲ್ಡರ್ ಬರೆಯುವ ಚಟವಿದೆ. ಕಳೆದುಹೋದ ಫೋಟೊ ಕೂತಿರುವ ಜಾಗದ ಮೇಲೆಯೇ ಅದು ಬರೆದರೆ ಯಾರನ್ನು ಕೇಳುವುದು?

ಇಲ್ಲಿಯವರೆಗಿನದು ನಿಮ್ಮ ಕಾರ್ಡಿನ ಮಾತು. ದತ್ತು ಹೋಗದ, ನಿನ್ನೆಯವರೆಗೆ ಚೆನ್ನಾಗಿದ್ದು ಇಂದು ‘ಫಾರ್ಮ್ಯಾಟ್ ಮಾಡಿ’ ಎನ್ನುವ ಕಾರ್ಡ್ ಹಿಡಿದು ಕೂತಿರುವ ಓದುಗರೂ ಇರುತ್ತಾರೆ, ಅವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಥವರು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕಾದದ್ದು ಒಂದೇ: ನನಗೆ ಬೇಕಾದದ್ದು ಕಾರ್ಡೋ, ಅದರೊಳಗಿನದೋ? ಕಾರ್ಡ್ ಬೇಕಾದವರು ಈಗಲೇ ಫಾರ್ಮ್ಯಾಟ್ ಮಾಡಿ ಮುಗಿಸಬಹುದು. ಒಳಗಿನದು ಬೇಕಾದವರು ಪರದೆಯ ಆ ಸಂದೇಶಕ್ಕೆ ‘ಬೇಡ’ ಎಂದು ಉತ್ತರಿಸಿ ಮುಂದೆ ಓದಬೇಕು. ಯಂತ್ರಕ್ಕೆ ಈ ಎರಡರ ವ್ಯತ್ಯಾಸ ತಿಳಿಯದು. ಅದು ಎಲ್ಲರಿಗೂ ಒಂದೇ ಗುಂಡಿ ತೋರಿಸುತ್ತದೆ.

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಕಾರ್ಡಿನ ಗಾತ್ರ ನೋಡಿ. 64 ಜಿಬಿ ಕಾರ್ಡು ಅಲ್ಲಿ 59 ಜಿಬಿ ಚಿಲ್ಲರೆ ಎಂದು ಕಾಣುತ್ತದೆ. ಇದು ಮೋಸವಲ್ಲ: ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಗಾತ್ರ ಸರಿಯಾಗಿ ಕಂಡು, ಫೈಲ್ ಸಿಸ್ಟಮ್ ಎಂಬಲ್ಲಿ ‘ರಾ’ ಎಂದೋ ಖಾಲಿಯೋ ಇದ್ದರೆ ಕಾರ್ಡ್ ಬದುಕಿದೆ, ಒಳಗಿನ ವಿಳಾಸಪಟ್ಟಿ ಮಾತ್ರ ಕೆಟ್ಟಿದೆ. ಎಲ್ಲ ಸರಿಯಿದ್ದು ಡ್ರೈವ್ ಅಕ್ಷರ (ವಿಂಡೋಸ್ ಡಿಸ್ಕಿಗೆ ಕೊಡುವ ಡಿ, ಇ ತರಹದ ಗುರುತು) ಮಾತ್ರ ಇಲ್ಲದಿದ್ದರೆ ಬಲಗುಂಡಿ ಒತ್ತಿ ಒಂದು ಅಕ್ಷರ ಕೊಡಿ, ಕೆಲಸ ಮುಗಿಯಿತು. ‘ನೋ ಮೀಡಿಯಾ’ ಎಂದಿದ್ದರೆ ಕಾರ್ಡಿನೊಳಗಿನ ನಿಯಂತ್ರಕ ಚಿಪ್ ಉತ್ತರ ಕೊಡುತ್ತಿಲ್ಲ. ಇನ್ನೊಂದು ರೀಡರಿನಲ್ಲೂ ಹಾಗೆಯೇ ಆದರೆ ಮನೆಯಲ್ಲಿ ಮಾಡುವಂಥದ್ದೇನೂ ಉಳಿದಿಲ್ಲ. 64 ಜಿಬಿ ಕಾರ್ಡು ಕೆಲವೇ ಎಂಬಿ ಎಂದು ತೋರಿಸಿಕೊಂಡರೂ ಅದೇ ಕತೆ, ನಿಯಂತ್ರಕಕ್ಕೆ ತನ್ನ ಸ್ವಂತ ನೆನಪೇ ಹೋಗಿದೆ. ಕಾರ್ಡು ಹಾಕಿದ ಕೆಲವೇ ಕ್ಷಣದಲ್ಲಿ ಬೆರಳಿಗೆ ಸುಡುವಷ್ಟು ಬಿಸಿಯಾದರೆ ತಕ್ಷಣ ತೆಗೆಯಿರಿ, ಒಳಗೆ ಶಾರ್ಟ್ ಆಗಿದೆ.

ವಿಳಾಸಪಟ್ಟಿ ಕೆಡುವುದು ಹೇಗೆ? ಹೆಚ್ಚಾಗಿ ಬರೆಯುತ್ತಿರುವಾಗಲೇ ಕಾರ್ಡ್ ಕಿತ್ತುಕೊಂಡದ್ದರಿಂದ, ಇಲ್ಲವೇ ಬ್ಯಾಟರಿ ಮುಗಿದು ಫೋನ್ ಆರಿದ್ದರಿಂದ. ಯಾವ ಫೈಲ್ ಯಾವ ಜಾಗದಲ್ಲಿದೆ ಎಂಬ ಪಟ್ಟಿಯನ್ನು ಕಾರ್ಡ್ ತನ್ನ ಆರಂಭದ ಭಾಗದಲ್ಲಿ ಇಟ್ಟುಕೊಂಡಿರುತ್ತದೆ, ಪ್ರತಿ ಫೋಟೊ ತೆಗೆದಾಗಲೂ ಅದನ್ನು ತಿದ್ದುತ್ತದೆ. ತಿದ್ದುತ್ತಿರುವ ಹೊತ್ತಿನಲ್ಲಿ ವಿದ್ಯುತ್ ಹೋದರೆ ಪಟ್ಟಿ ಅರ್ಧ ಹೊಸದು, ಅರ್ಧ ಹಳೆಯದು. ಫೋಟೊಗಳು ತಮ್ಮ ಜಾಗದಲ್ಲಿ ಹಾಗೆಯೇ ಕೂತಿರುತ್ತವೆ, ದಾರಿ ತೋರಿಸುವವರಿಲ್ಲ. 32 ಜಿಬಿವರೆಗಿನ ಕಾರ್ಡುಗಳಿಗೆ ಬರುವ ಫ್ಯಾಟ್32 ಪದ್ಧತಿಯಲ್ಲಿ ಈ ಪಟ್ಟಿಯ ಎರಡು ಪ್ರತಿಗಳಿರುತ್ತವೆ. ಅದಕ್ಕಿಂತ ದೊಡ್ಡವಕ್ಕೆ ಬರುವ ಎಕ್ಸ್‌ಫ್ಯಾಟ್‌ನಲ್ಲಿ ಸಾಮಾನ್ಯವಾಗಿ ಒಂದೇ ಪ್ರತಿ. ಆದರೆ ಕಾರ್ಡಿನ ಮೊದಲ ಪುಟವಾದ ಬೂಟ್ ಸೆಕ್ಟರಿನ ನಕಲು ಎರಡರಲ್ಲೂ ಇರುತ್ತದೆ. ಕೆಟ್ಟದ್ದು ಮೊದಲ ಪುಟ ಮಾತ್ರವಾಗಿದ್ದರೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಆ ನಕಲಿನಿಂದ ಅದನ್ನು ಮರಳಿ ಕೂರಿಸುತ್ತದೆ, ಕಾರ್ಡು ಏನೂ ಆಗದಂತೆ ತೆರೆದುಕೊಳ್ಳುತ್ತದೆ. ಹಾಗೆ ತೆರೆದುಕೊಂಡ ಗಳಿಗೆಯ ಸುಖ ಅನುಭವಿಸಿದವರಿಗೇ ಗೊತ್ತು.

ಆದರೆ ಅದಕ್ಕೂ ಮೊದಲು ಒಂದು ಕೆಲಸವಿದೆ, ಇದನ್ನು ಬಿಟ್ಟು ಮುಂದೆ ಹೋದವರೇ ಹೆಚ್ಚು ಅಳುವುದು. ಇಡೀ ಕಾರ್ಡಿನ ಅಕ್ಷರಶಃ ಪ್ರತಿಯೊಂದನ್ನು, ಅಂದರೆ ಇಮೇಜನ್ನು, ಕಂಪ್ಯೂಟರಿನ ಡಿಸ್ಕಿಗೆ ತೆಗೆದುಕೊಳ್ಳಬೇಕು. ಲಿನಕ್ಸ್ ಬಳಸುವವರಿಗೆ ಇದಕ್ಕೆಂದೇ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ತಂತ್ರಾಂಶವಿದೆ. ಅದರ ಜಾಣತನ ನನಗೆ ಇಂದಿಗೂ ಮೆಚ್ಚುಗೆ: ಕಷ್ಟದ ಜಾಗ ಸಿಕ್ಕಿದರೆ ಅಲ್ಲೇ ಗುದ್ದಾಡುತ್ತ ನಿಲ್ಲದೆ ದಾಟಿಹೋಗಿ, ಸುಲಭವಾಗಿ ಓದಿಸಿಕೊಳ್ಳುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ, ಆಮೇಲೆ ಹಿಂದಿರುಗಿ ಉಳಿದ ತುಣುಕುಗಳನ್ನು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ಬರೆದಿಟ್ಟುಕೊಳ್ಳುವುದರಿಂದ ಮಧ್ಯದಲ್ಲಿ ನಿಲ್ಲಿಸಿ ನಾಳೆ ಮುಂದುವರಿಸಬಹುದು. ಸಾಯುತ್ತಿರುವ ಕಾರ್ಡು ಎಷ್ಟು ಸಲ ಓದಿಸಿಕೊಳ್ಳುತ್ತದೋ ಹೇಳಲಾಗದು; ಅದರಿಂದ ಒಮ್ಮೆ ಓದಿ, ಪ್ರಯೋಗಗಳನ್ನೆಲ್ಲ ಆ ಪ್ರತಿಯ ಮೇಲೆ ಮಾಡಬೇಕು.

ಪಟ್ಟಿ ಪೂರ್ತಿ ಹಾಳಾಗಿದ್ದರೆ ಟೆಸ್ಟ್‌ಡಿಸ್ಕಿನ ಜೊತೆಯಲ್ಲೇ ಬರುವ ಫೋಟೊರೆಕ್ ನೆರವಿಗೆ ಬರುತ್ತದೆ. ಅದು ಪಟ್ಟಿಯನ್ನು ಕೇಳುವುದೇ ಇಲ್ಲ. ಜೆಪೆಗ್ ಫೋಟೊ ಪ್ರತಿಯೊಂದೂ ‘ಎಫ್‌ಎಫ್ ಡಿ8 ಎಫ್‌ಎಫ್’ ಎಂಬ ಬೈಟುಗಳಿಂದ ಆರಂಭವಾಗುತ್ತದೆ. ಫೋಟೊರೆಕ್ ಕಾರ್ಡನ್ನು ಈ ತುದಿಯಿಂದ ಆ ತುದಿಗೆ ಓದುತ್ತ ಇಂಥ ತಲೆಗಳನ್ನು ಹುಡುಕಿ, ಅಲ್ಲಿಂದ ಮುಂದಿನದನ್ನು ಕತ್ತರಿಸಿ ತೆಗೆಯುತ್ತದೆ. ಫೈಲುಗಳ ಹೆಸರು ಸಿಗುವುದಿಲ್ಲ, ಎಲ್ಲಕ್ಕೂ ಅಂಕಿಗಳೇ ಹೆಸರು. ಫೋಟೊಗಳು ಚೆನ್ನಾಗಿ ಬರುತ್ತವೆ. ಉದ್ದನೆಯ ವಿಡಿಯೊಗಳು ಕಾರ್ಡಿನ ಬೇರೆ ಬೇರೆ ಕಡೆ ಚದುರಿ ಕೂತಿದ್ದರೆ ತುಂಡಾಗಿ ಬರುತ್ತವೆ. ತೆಗೆದದ್ದನ್ನು ಬೇರೆ ಡಿಸ್ಕಿಗೆ ಉಳಿಸಬೇಕು ಎಂಬುದನ್ನು ಹೇಳಬೇಕಾಗಿಯೇ ಇರಲಿಲ್ಲ, ಆದರೂ ಅದೇ ಕಾರ್ಡಿಗೆ ಉಳಿಸಿದವರನ್ನು ನೋಡಿದ್ದೇನೆ.

ವಿಂಡೋಸ್‌ನ ಎರರ್ ಚೆಕಿಂಗ್, ಅಂದರೆ ಚೆಕ್‌ಡಿಸ್ಕ್, ಇದರ ಬಗ್ಗೆ ನನ್ನದೇ ಅನುಭವವೊಂದಿದೆ. ಬಹಳ ಹಿಂದೆ ಒಂದು ಪ್ರವಾಸದಿಂದ ಬಂದ ರಾತ್ರಿ ನನ್ನ ಕಾರ್ಡ್ ತೆರೆಯಲಿಲ್ಲ. ‘ದುರಸ್ತಿ ಮಾಡಲೇ’ ಎಂದು ವಿಂಡೋಸ್ ಕೇಳಿತು, ನಿದ್ದೆಗಣ್ಣಿನಲ್ಲಿ ಹೂಂ ಎಂದೆ. ಎರಡು ನಿಮಿಷದಲ್ಲಿ ಕಾರ್ಡ್ ತೆರೆಯಿತು. ಒಳಗೆ ನನ್ನ ಫೋಲ್ಡರುಗಳ ಬದಲು ‘ಫೌಂಡ್.000’ ಎಂಬ ಒಂದೇ ಫೋಲ್ಡರ್, ಅದರ ತುಂಬ ‘ಸಿಎಚ್‌ಕೆ’ ಎಂಬ ಬಾಲದ ನೂರಾರು ಚೂರುಗಳು. ಆ ತಂತ್ರಾಂಶಕ್ಕೆ ಬೇಕಾದದ್ದು ಪಟ್ಟಿಯಲ್ಲಿ ತಾಳಮೇಳವಿರುವುದು. ಲೆಕ್ಕ ಹೊಂದದ ಫೋಟೊವನ್ನು ಅದು ಕಸದಂತೆ ಒಂದು ಮೂಲೆಗೆ ಗುಡಿಸುತ್ತದೆ. ಅರ್ಧದಷ್ಟು ಫೋಟೊ ಉಳಿಸಿಕೊಂಡೆ, ಅದೂ ಮೂರು ರಾತ್ರಿ ಕೂತು. ದುರಸ್ತಿ ಎನ್ನುವುದು ಕಾರ್ಡಿನದೇ ಹೊರತು ನಿಮ್ಮ ಫೋಟೊಗಳದ್ದಲ್ಲ. ಒಳಗಿನದು ಬೇರೆಡೆ ಸುರಕ್ಷಿತವಾದ ಮೇಲೆ ಚೆಕ್‌ಡಿಸ್ಕ್ ಓಡಿಸಲು ನನ್ನ ಅಭ್ಯಂತರವಿಲ್ಲ.

ಫಾರ್ಮ್ಯಾಟ್ ಮಾಡಿದರೂ ತೆಗೆಯಬಹುದು ಎಂಬ ಮಾತು ಬಂದದ್ದು ಹಾರ್ಡ್ ಡಿಸ್ಕಿನ ಕಾಲದಿಂದ. ಅಲ್ಲಿ ಕ್ವಿಕ್ ಫಾರ್ಮ್ಯಾಟ್ ಪಟ್ಟಿಯನ್ನು ಮಾತ್ರ ಅಳಿಸುತ್ತಿತ್ತು. ಫೋನು, ಕ್ಯಾಮೆರಾಗಳು ಫಾರ್ಮ್ಯಾಟ್ ಮಾಡುವಾಗ ‘ಈ ಜಾಗವೆಲ್ಲ ಇನ್ನು ಬೇಡ’ ಎಂದು ಕಾರ್ಡಿಗೆ ತಿಳಿಸುವುದೂ ಉಂಟು. ತಿಳಿಸಿದರೆ ಕಾರ್ಡು ನಿಜವಾಗಿಯೇ ಒರೆಸಿಹಾಕಬಹುದು. ಹಾಗಾಗಿ ಆ ಮಾತನ್ನು ನಂಬಿ ಗುಂಡಿ ಒತ್ತುವುದು ಜೂಜು.

ಈಗ ನಿಮ್ಮ ಕ್ಯಾಮೆರಾ ಕಾರ್ಡ್. ಅದರ ಸ್ಥಿತಿ ವಿಚಿತ್ರವಾಗಿ ಕಂಡರೂ ಕಾರಣ ಸರಳ: ಅದರ ಆಯುಸ್ಸು ಮುಗಿದಿದೆ. ಫ್ಲ್ಯಾಶ್ ಮೆಮೊರಿಯ ಪ್ರತಿ ಕೋಶವನ್ನೂ ಕೆಲವು ನೂರರಿಂದ ಕೆಲವು ಸಾವಿರ ಸಲ ಮಾತ್ರ ಅಳಿಸಿ ಬರೆಯಲು ಸಾಧ್ಯ. ಸವೆದ ಜಾಗಗಳ ಬದಲಿಗೆ ಬಳಸಲೆಂದು ಕಾರ್ಡು ಒಂದಷ್ಟು ಹೆಚ್ಚುವರಿ ಜಾಗವನ್ನು ಗುಟ್ಟಾಗಿ ಇಟ್ಟುಕೊಂಡಿರುತ್ತದೆ. ಅದೂ ಖರ್ಚಾದ ದಿನ ನಿಯಂತ್ರಕ ಬರೆಯುವುದನ್ನೇ ನಿಲ್ಲಿಸಿ, ಓದಲು ಮಾತ್ರ ಬಿಡುತ್ತದೆ. ಕೆಲವು ಕಾರ್ಡುಗಳು ಇದನ್ನು ಬಾಯಿಬಿಟ್ಟು ಹೇಳುತ್ತವೆ. ಕೆಲವು ಹೇಳುವುದಿಲ್ಲ, ಅಳಿಸು ಎಂದರೆ ಹೂಂ ಎನ್ನುತ್ತವೆ, ಬರೆ ಎಂದರೆ ಹೂಂ ಎನ್ನುತ್ತವೆ, ಮಾಡುವುದು ಮಾತ್ರ ಏನೂ ಇಲ್ಲ. ಕ್ಯಾಮೆರಾ ತನ್ನ ನೆನಪಿನಲ್ಲಿರುವ ಹೊಸ ಪಟ್ಟಿಯನ್ನು ನಂಬಿ ಫೋಟೊ ಅಳಿದಿದೆ ಎಂದು ತೋರಿಸುತ್ತದೆ. ಆರಿಸಿ ಮತ್ತೆ ಹಚ್ಚಿದಾಗ ಕಾರ್ಡಿನಿಂದ ಹೊಸದಾಗಿ ಓದುತ್ತದೆ, ಹಳೆಯ ಫೋಟೊಗಳೆಲ್ಲ ಎದ್ದು ಕೂರುತ್ತವೆ. ಲಾಕ್ ಗುಂಡಿಯದೇ ತಪ್ಪಾಗಿದ್ದರೆ ಅಳಿಸುವಾಗಲೇ ಕ್ಯಾಮೆರಾ ತಕರಾರು ಮಾಡುತ್ತಿತ್ತು.

ಖಚಿತ ಮಾಡಿಕೊಳ್ಳಲು ಲ್ಯಾಪ್‌ಟಾಪಿನಿಂದ ಒಂದು ಸಣ್ಣ ಫೈಲನ್ನು ಆ ಕಾರ್ಡಿಗೆ ನಕಲು ಮಾಡಿ, ಇಜೆಕ್ಟ್ ಮಾಡಿ ಹೊರತೆಗೆದು, ಮತ್ತೆ ಹಾಕಿ ನೋಡಿ. ಫೈಲ್ ಇಲ್ಲದಿದ್ದರೆ ಮುಗಿಯಿತು. ಎಷ್ಟು ಬಗೆಯ ಫಾರ್ಮ್ಯಾಟರುಗಳನ್ನು ತಂದರೂ, ವಿಂಡೋಸ್‌ನ ಡಿಸ್ಕ್‌ಪಾರ್ಟ್ ಎಂಬ ಸಾಧನದಲ್ಲಿ ಎಷ್ಟು ಆದೇಶ ಟೈಪ್ ಮಾಡಿದರೂ ಅದು ಏಳುವುದಿಲ್ಲ, ಹೊತ್ತು ಹಾಳು. ಒಂದು ದೃಷ್ಟಿಯಲ್ಲಿ ಇದು ಮೆಮೊರಿ ಕಾರ್ಡಿನ ಅತ್ಯಂತ ಸಭ್ಯ ಸಾವು: ಇರುವುದನ್ನೆಲ್ಲ ಕೊಟ್ಟು ಹೋಗುತ್ತದೆ. ಇವತ್ತೇ ನಕಲು ಮಾಡಿಕೊಳ್ಳಿ.

ಆ ಕಾರ್ಡಿನ ಬದಲಿಗೆ ಹೊಸದು ತಂದಾಗ ಫೋಟೊ ತೆಗೆಯುವ ಮೊದಲು ಅದನ್ನು ತುಂಬಿಸಿ ಪರೀಕ್ಷಿಸಿ. 8 ಜಿಬಿ ಚಿಪ್ ಹಾಕಿ 128 ಜಿಬಿ ಎಂದು ಸುಳ್ಳು ಹೇಳುವ ನಕಲಿ ಕಾರ್ಡುಗಳಿವೆ. ಮೊದಲ 8 ಜಿಬಿವರೆಗೆ ಅವು ಸಾಚಾ, ಆಮೇಲೆ ಬರೆದದ್ದು ಗಾಳಿಗೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಕಾರ್ಡನ್ನು ಪೂರ್ತಿ ತುಂಬಿಸಿ, ಮರಳಿ ಓದಿ, ಸುಳ್ಳನ್ನು ಹೊರಗೆಡಹುತ್ತವೆ. ದೊಡ್ಡ ಕಾರ್ಡಾದರೆ ಕೆಲವು ಗಂಟೆ ಹಿಡಿಯುತ್ತದೆ, ಹಿಡಿಯಲಿ. ಕೊಳ್ಳುವ ಮೊದಲು ನಿಮ್ಮ ಕ್ಯಾಮೆರಾ ಎಷ್ಟು ಜಿಬಿಯವರೆಗೆ ಒಪ್ಪುತ್ತದೆ ಎಂದು ಅದರ ಕೈಪಿಡಿಯಲ್ಲಿ ನೋಡಿ. ಹಳೆಯ ಉಪಕರಣಗಳು ಫ್ಯಾಟ್32 ಮಾತ್ರ ಬಲ್ಲವು, 64 ಜಿಬಿ ಮತ್ತು ಅದಕ್ಕೂ ದೊಡ್ಡ ಕಾರ್ಡುಗಳು ಅಂಗಡಿಯಿಂದ ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ. ಹೊಸ ಕಾರ್ಡನ್ನೂ ಉಪಕರಣ ನಿರಾಕರಿಸುವುದು ಎಷ್ಟೋ ಸಲ ಇದರಿಂದಲೇ. ಫ್ಯಾಟ್32ರಲ್ಲಿ 4 ಜಿಬಿ ಮುಟ್ಟುವ ಒಂದೇ ಫೈಲ್ ಹಿಡಿಸದು ಎಂಬುದೂ ನೆನಪಿರಲಿ. ಕಾರ್ಡನ್ನು ಯಾವುದರಲ್ಲಿ ಬಳಸುತ್ತೀರೋ ಅದರಲ್ಲಿಯೇ ಫಾರ್ಮ್ಯಾಟ್ ಮಾಡುವುದು ಒಳ್ಳೆಯ ರೂಢಿ. ಕಂಪ್ಯೂಟರಿನಲ್ಲೇ ಮಾಡಬೇಕಾದರೆ ಈ ಕಾರ್ಡುಗಳ ನಿಯಮ ರೂಪಿಸುವ ಎಸ್‌ಡಿ ಅಸೋಸಿಯೇಷನ್ ಉಚಿತವಾಗಿ ಕೊಡುವ ಫಾರ್ಮ್ಯಾಟರ್ ಬಳಸಿ.

ಹಳೆಯ ಕ್ಯಾಮೆರಾ ಕಾರ್ಡನ್ನು ಹಾಗೆಯೇ ಕಸಕ್ಕೆ ಹಾಕಬೇಡಿ. ಅಳಿಸಲು ಬಾರದ ಕಾರ್ಡೆಂದರೆ ಸಿಕ್ಕವರೆಲ್ಲ ನಿಮ್ಮ ಫೋಟೊ ನೋಡಬಹುದಾದ ಕಾರ್ಡು. ಚಿಪ್ಪನ್ನು ಸೀಳುವಂತೆ ಕತ್ತರಿಸಿ, ಆಮೇಲೆ ಇ-ತ್ಯಾಜ್ಯಕ್ಕೆ ಕೊಡಿ.

ಹಳೆಯ ಫೋನಿನ ವಿಷಯಕ್ಕೆ ಬಂದರೆ, ಅನುಕ್ರಮ ಹೀಗಿರಲಿ. ವಿಡಿಯೊದ ಎರಡು ಪ್ರತಿಗಳು ಎರಡು ಬೇರೆ ಜಾಗಗಳಲ್ಲಿ ಓಡುವುದನ್ನು ಕಣ್ಣಾರೆ ನೋಡಿ. ಬಳಿಕ ಅದೇ ಫೋನಿನ ಸ್ಟೋರೇಜ್ ಸೆಟ್ಟಿಂಗ್ಸ್‌ನಲ್ಲಿ ಕಾರ್ಡನ್ನು ‘ಪೋರ್ಟಬಲ್ ಆಗಿ ಫಾರ್ಮ್ಯಾಟ್’ ಮಾಡಿ ಹೊರತೆಗೆಯಿರಿ. ಹೊಸ ಫೋನು ಈಗ ಅದನ್ನು ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ಫ್ಯಾಕ್ಟರಿ ರಿಸೆಟ್ ಇವೆಲ್ಲ ಆದ ಮೇಲೆ, ಎಲ್ಲಕ್ಕಿಂತ ಕೊನೆಗೆ. ತಂಗಿ ಇನ್ನೊಂದು ವಾರ ಕಾಯಲಿ.